ಎರಡು ಮನೆ ಕೆಳಗೆ

ರುವಿಯ ಈ ಸಭಾಂಗಣ ಶುಕ್ರವಾರ ನಮಗೆ
ಹತ್ತೂಕಾಲಿನಿಂದ ಹನ್ನೊಂದೂವರೆ ತನಕ.
ಮೊದಲು ತಮಿಳರು, ಆಮೇಲೆ ಫಿಲಿಪಿನೋಗಳು,
ನಡುವೆ ಕನ್ನಡ.
ಅವರ ಕುರ್ಚಿಯ ಬಿಸಿ ಆರುವ ಮೊದಲೇ ಕೂತು
ನಮ್ಮ ಬಿಸಿ ಬಿಟ್ಟು ಏಳಬೇಕು.

ಆರು ವರ್ಷದಿಂದ ಹಾಡಿಸುವವನು ನಾನು.
ಹಾಡಿಸುವವನು ಅಂದೆನೆ? ಹಾಡುವವನು.
ಮೈಕು, ಕೀಬೋರ್ಡು, ಕಾಲ ಬಳಿ
ನನ್ನ ದನಿ ನನಗೇ ಮರಳಿಸುವ ಒಂದು ಕರಿ ಪೆಟ್ಟಿಗೆ.
"ಎಲ್ಲರೂ ಸೇರಿ ಹಾಡೋಣ" ಅನ್ನುತ್ತಿದ್ದೆ;
ಎಲ್ಲರೂ ಎದ್ದು ನಿಂತು
ನಾನು ಹಾಡುವುದನ್ನು ನೋಡುತ್ತಿದ್ದರು.
ಪರದೆಯ ಮೇಲೆ ಸಾಲು ಬರುತ್ತಿದ್ದವು, ಹೋಗುತ್ತಿದ್ದವು,
ವಿಮಾನ ನಿಲ್ದಾಣದ ಬೋರ್ಡಿನ ಹಾಗೆ,
ಒಂದೂ ನಮ್ಮ ಊರಿನ ವಿಮಾನವಲ್ಲದ ಹಾಗೆ.

ಬೈದೂ ಬಿಟ್ಟಿದ್ದೇನೆ ಒಮ್ಮೆ, ಈಸ್ಟರಿನ ಮರುವಾರ:
"ಬಾಯಿಗೆ ಬೀಗ ಜಡಿದುಕೊಂಡು ಬಂದಿದ್ದೀರಾ?"
ಆ ದಿನ ಇನ್ನೂ ಮೆಲ್ಲಗಾಯಿತು.

ಮೇ ತಿಂಗಳಲ್ಲಿ ನನ್ನ ಗಂಟಲು ಕಟ್ಟಿತು. ಎಸಿಯೋ, ಧೂಳೋ.
ಎಬೆನೇಜರನ ಮಗಳು ನುಡಿಸಿ ಹಾಡಲಿ ಎಂದು
ನಾಲ್ಕನೆಯ ಸಾಲಿಗೆ ಹೋಗಿ ಕೂತೆ.
ಎಡಕ್ಕೆ ಸುಗಂಧರಾಜ, ಅಲ್ ಖುವೈರಿನಲ್ಲಿ ಕ್ರೇನು ನಡೆಸುವವನು,
ದಿನಕ್ಕೆ ಹತ್ತು ಗಂಟೆ ಆಕಾಶದ ಗಾಜುಗೂಡಿನಲ್ಲಿ ಒಬ್ಬನೇ.
ಬಲಕ್ಕೆ ಭಾಲ್ಕಿಯ ದೀನಮಣಿ.
ಯಾರದೋ ಮನೆ, ಯಾರದೋ ಕೂಸು;
ಅದು ಎದ್ದೀತೆಂದು ವಾರವಿಡೀ ಪಿಸುಮಾತು.

ಇಬ್ಬರ ತುಟಿಯೂ ಆಡುತ್ತಿದ್ದವು.
ಆಣೆ ಇಡಬಾರದು ನಾವು, ಆದರೂ ಆಣೆ, ಆಡುತ್ತಿದ್ದವು.
ಗೋಡೆಯ ಎರಡು ಸ್ಪೀಕರು ಮಾತ್ರ
ಯಾರ ದನಿಯೂ ಯಾರ ಕಿವಿಗೂ ಮುಟ್ಟದ ಹಾಗೆ
ನಡುವೆ ನಿಂತುಬಿಟ್ಟಿದ್ದವು.
ನನ್ನ ಗಂಟಲಿಗೆ ಅಳೆದು ಹೊಲಿದ ಶ್ರುತಿ
ಎರಡನೆಯ ಸಾಲಿಗೇ ಅಟ್ಟ ಹತ್ತಿತು;
ದೀನಮಣಿ ಏಣಿಯಿಲ್ಲದೆ ಕೆಳಗೇ ಉಳಿದಳು,
ಸುಗಂಧರಾಜ ಕೆಮ್ಮಿ, ಸುಮ್ಮನೆ ಪರದೆ ಓದತೊಡಗಿದ.

ಮುಂದಿನ ಶುಕ್ರವಾರ ಶ್ರುತಿ ಎರಡು ಮನೆ ಇಳಿಸಿದೆ.
ಮೂರಿದ್ದ ಹೊಸ ಹಾಡು ಒಂದಾಯಿತು.
ಸ್ಪೀಕರಿನ ಕಿವಿ ಹಿಂಡಿದೆ.
ಕರಿ ಪೆಟ್ಟಿಗೆಯ ವೈರು ಕಿತ್ತೆ.
ಅದೊಂದು ಸುಲಭವಾಗಲಿಲ್ಲ.
"ಚೆನ್ನಾಗಿ ಹಾಡಬೇಕಿಲ್ಲ" ಅಂದೆ,
"ಪಕ್ಕದವರ ದನಿ ಕೇಳಿಸಿದರೆ ಸಾಕು.
ಕೇಳಿಸದಿದ್ದರೆ ನಿಮ್ಮದು ಜೋರು,
ಇಲ್ಲವೇ ನನ್ನದು."

ಅಜ್ಜಿಯರು ರೊಟ್ಟಿ ತಟ್ಟುತ್ತ ಹಾಡುತ್ತಿದ್ದ
ಹಳೆಯ ಪುಸ್ತಕದ ಕೀರ್ತನೆ; ರಾಗ ಯಾವುದೋ ಜರ್ಮನಿಯದು.
ಮೊದಲ ಚರಣಕ್ಕೆ ಜೊತೆಗಿದ್ದೆ,
ಎರಡಕ್ಕೆ ಎಡಗೈ ತೆಗೆದೆ,
ಮೂರಕ್ಕೆ ಬಲಗೈ.
ಮೈಕಿನಿಂದ ಒಂದು ಮಾರು ಸರಿದೆ.

ಏನೂ ಇಲ್ಲ. ಎಸಿಯ ಗುಂಯ್.
ಆಮೇಲೆ ಕುಂಟುತ್ತ ಬಂತು.
ಲಾಂಡ್ರಿಯ ಹನೋಕಪ್ಪ ಒಂದು ತಾಳ ಮುಂದೆ,
ರಾತ್ರಿಪಾಳಿ ಮುಗಿಸಿ ಬಂದ ನರ್ಸುಗಳು ಅರ್ಧ ತಾಳ ಹಿಂದೆ.
ಸುಗಂಧರಾಜನದು ಯಾವ ಮನೆಗೂ ಸೇರದ ಶ್ರುತಿ,
ಆದರೆ ಎಂಥ ಗಟ್ಟಿ! ಉಕ್ಕಿನ ತೊಲೆಯ ಹಾಗೆ
ಇಡೀ ಸಾಲನ್ನು ಎತ್ತಿ, ತೂಗಾಡಿಸಿ, ಇಳಿಸಿದ.
ದೀನಮಣಿಯ ದನಿ ಇಷ್ಟು ದಪ್ಪವೆಂದು
ಮೂರು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ. ಅವಳಿಗೂ ಇರಲಿಲ್ಲವೇನೋ;
ತಾನೇ ಬೆಚ್ಚಿ, ಸೆರಗು ಬಾಯಿಗೊಯ್ದು,
ಇಲ್ಲಿ ಕೂಸಿಲ್ಲವೆಂದು ನೆನಪಾಗಿ
ಕೈ ಇಳಿಸಿದಳು.

ಪರದೆಯ ಹುಡುಗ ಗಲಿಬಿಲಿಯಾಗಿ
ನಾಲ್ಕರ ಜಾಗಕ್ಕೆ ಐದನೆಯ ಚರಣ ಹಾಕಿದ.
ಯಾರೂ ಪರದೆ ನೋಡುತ್ತಿರಲಿಲ್ಲ.

ಬಾಗಿಲಲ್ಲಿ ಗಿಟಾರು ಹೊತ್ತು ಕಾಯುತ್ತಿದ್ದ ಫಿಲಿಪಿನೋ ಹುಡುಗರು
ಗಡಿಯಾರ ನೋಡುವುದನ್ನು ಬಿಟ್ಟು
ಬಾಯಿ ಮುಚ್ಚಿಕೊಂಡೇ ಅದೇ ರಾಗ ಗುನುಗಿದರು.
ಅವರಜ್ಜಿಯರಿಗೂ ಗೊತ್ತಿತ್ತೇನೋ.

ಹನ್ನೊಂದು ನಲವತ್ತು. ಹತ್ತು ನಿಮಿಷ ಹೆಚ್ಚು.
ಅವರ ಕ್ಷಮೆ ಕೇಳಿ ವೈರು ಸುತ್ತುತ್ತಿದ್ದಾಗ
ಹನೋಕಪ್ಪ ಹತ್ತಿರ ಬಂದು ಕೇಳಿದ:
"ಇವತ್ತು ಮೈಕು ಕೆಟ್ಟಿತ್ತೇನ್ರಿ?"
"ಹೌದು" ಅಂದೆ. "ಮುಂದಿನ ವಾರವೂ ಕೆಟ್ಟಿರುತ್ತದೆ."